ಹತ್ತು ಜನರ ಕೋಲು



ಹತ್ತು ಜನರ ಕೋಲು ಒಬ್ಬನಿಗೆ ಹೊರೆ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಹತ್ತು ಮಂದಿ ಒಂದೊಂದು ಕೋಲನ್ನು ಹಿಡಿದು ನಡೆದರೆ ಯಾರಿಗೂ ಭಾರವಾಗುವದಿಲ್ಲ. ಆ ಹತ್ತನ್ನೂ ಒಬ್ಬನ ತಲೆಯ ಮೇಲಿಟ್ಟರೆ ಅವನ ಕುತ್ತಿಗೆ ಬಾಗುವದು. ಕೆಲಸವನ್ನು ಹಂಚಿಕೊಳ್ಳಬೇಕೆಂದು ಬೋಧಿಸುವದಕ್ಕಾಗಿ ಹಿರಿಯರು ಈ ಮಾತನ್ನು ಹೇಳುತ್ತಿದ್ದರು. ಆದರೆ ಅದರಲ್ಲಿ ಇನ್ನೊಂದು ಪಾಠವೂ ಅಡಗಿದೆ. ಹತ್ತು ಮಂದಿ ಉಪಕಾರಿಗಳು ಬಂದು, ಒಬ್ಬೊಬ್ಬನೂ ತಾನು ಕೊಡುವದು ಒಂದೇ ಕೋಲೆಂದು ನೆನಸಿ, ಎಲ್ಲರೂ ಅದನ್ನು ಒಬ್ಬ ಬಡವನ ತಲೆಯ ಮೇಲೆಯೇ ಇಟ್ಟರೆ ಆ ಉಪಕಾರವು ಏನಾಗುವದು? ಕೊಡುವವನ ಮನಸ್ಸು ಶುದ್ಧವಾಗಿದ್ದರೆ ಸಾಕೋ, ಅಥವಾ ತನ್ನ ಉಪಕಾರವನ್ನು ಇತರರ ಉಪಕಾರದೊಂದಿಗೆ ಹೊಂದಿಸಿಕೊಳ್ಳುವದೂ ಅವನ ಕರ್ತವ್ಯವೋ? ಏಡ್ಸ್ ರೋಗದ ವಿರುದ್ಧ ನಮ್ಮ ದೇಶದಲ್ಲಿ ನಡೆದ ಕಾರ್ಯದ ದೃಷ್ಟಾಂತದಿಂದ ಇದನ್ನು ವಿಚಾರ ಮಾಡೋಣ.

ಎಚ್.ಐ.ವಿ. ಎಂಬ ರೋಗಾಣುವು ಭಾರತದಲ್ಲಿ ಮೊದಲು 1986ರಲ್ಲಿ ಆಗಿನ ಮದ್ರಾಸು ಪಟ್ಟಣದಲ್ಲಿ ಕಂಡುಬಂತು. 1992ರಲ್ಲಿ ಭಾರತ ಸರಕಾರವು ನ್ಯಾಕೋ ಎಂಬ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯನ್ನು ಸ್ಥಾಪಿಸಿ, ವಿಶ್ವಬ್ಯಾಂಕಿನಿಂದ ಸಾಲ ಪಡೆದು ಕಾರ್ಯವನ್ನು ಆರಂಭಿಸಿತು. ಕರ್ನಾಟಕದ ಏಡ್ಸ್ ಪ್ರಿವೆನ್ಶನ್ ಸೊಸಾಯಿಟಿಯು 1997ರಲ್ಲಿ ಹುಟ್ಟಿತು. ಬಳಿಕ ದೂರದೇಶದವರ ಸಹಾಯವು ಒಂದರ ಹಿಂದೊಂದಾಗಿ ನಮ್ಮ ರಾಜ್ಯಕ್ಕೆ ಬಂತು: 2001ರಲ್ಲಿ ಕೆನಡಾ ದೇಶದವರದು, 2003ರಲ್ಲಿ ಗೇಟ್ಸ್ ಪ್ರತಿಷ್ಠಾನವು ಆರು ರಾಜ್ಯಗಳಲ್ಲಿ ನಡಿಸಿದ ಅವಾಹನ್ ಎಂಬ ಕಾರ್ಯ, 2006ರಲ್ಲಿ ಅಮೆರಿಕಾ ಸರಕಾರದ ಹಣದಿಂದ ನಡೆದ ಸಮಸ್ತ ಎಂಬ ಕಾರ್ಯ. ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಮೇಲಿದ್ದು, ಮಹಾರಾಷ್ಟ್ರಕ್ಕೂ ಗೋವೆಗೂ ಹೊಂದಿಕೊಂಡಿರುವ ನಮ್ಮ ಬೆಳಗಾವಿ ಜಿಲ್ಲೆಯೂ ಅವಾಹನ್ ಕಾರ್ಯದ ಕ್ಷೇತ್ರವಾಗಿತ್ತು.

ಇವರೆಲ್ಲರೂ ಒಳ್ಳೇ ಮನಸ್ಸಿನಿಂದಲೇ ಬಂದವರೆಂದು ಹಿಡಿಯೋಣ. ಈಗ ಗುಂಜಿಯ ನಿಲ್ದಾಣದಲ್ಲಿ, ಆಷಾಢದ ಮಳೆಯಲ್ಲಿ, ಬೆಳಗಾವಿಯ ದವಾಖಾನೆಗೆ ಹೋಗುವದಕ್ಕೆ ರೈಲನ್ನು ಕಾಯುತ್ತಿರುವ ಒಬ್ಬ ವಿಧವೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಒಬ್ಬ ದಾತನು ರಕ್ತಪರೀಕ್ಷೆಗೆ ಮಾತ್ರ ಹಣ ಕೊಡುತ್ತಾನೆ, ಇನ್ನೊಬ್ಬನು ಬುದ್ಧಿವಾದಕ್ಕೆ, ಮತ್ತೊಬ್ಬನು ಮಕ್ಕಳಿಗೆ, ಔಷಧಕ್ಕೆ ಯಾರೂ ಇಲ್ಲ. ಒಬ್ಬೊಬ್ಬನಿಗೂ ಬೇರೆ ರಜಿಸ್ಟರು, ಬೇರೆ ವರದಿ, ಬೇರೆ ತಪಾಸಣೆಯ ದಿನ. ಆಕೆಯ ಕೈಹಿಡಿಯಬೇಕಾದ ದಾದಿಯು ಆ ಪುಸ್ತಕಗಳನ್ನು ತುಂಬುತ್ತಾ ಕೂತಿರುವಳು. ಈ ರೋಗದ ಔಷಧವಾದರೋ ಜೀವಮಾನವೆಲ್ಲಾ ದಿನಾಲು ತಕ್ಕೊಳ್ಳತಕ್ಕದ್ದು. ನಡುವೆ ನಿಂತು ನಿಂತು ಹೋದರೆ ರೋಗಾಣುವು ಔಷಧಕ್ಕೆ ಬಗ್ಗದಂತಾಗುವದು. ಆದಕಾರಣ ದಾತರ ಒಳಗಿನ ಅಸಮ್ಮತಿಯು ಬರೇ ಕಚೇರಿಯ ಮಾತಲ್ಲ. ಅದರ ದಂಡವನ್ನು ತೆರುವವಳು ಆ ವಿಧವೆಯೇ.

ಈ ದೋಷವು ಲೋಕದ ಅನೇಕ ಬಡ ದೇಶಗಳಲ್ಲಿ ಕಂಡುಬಂದದ್ದರಿಂದ 2004ನೇ ಇಸವಿ ಏಪ್ರಿಲ್ ತಿಂಗಳಲ್ಲಿ ವಾಶಿಂಗ್ಟನ್ ಪಟ್ಟಣದಲ್ಲಿ ದಾತರೂ ರಾಷ್ಟ್ರಗಳೂ ಕೂಡಿ ಮೂರು 'ಒಂದು'ಗಳನ್ನು ಒಪ್ಪಿಕೊಂಡರು. ಅವು ಯಾವವಂದರೆ, ಪ್ರತಿಯೊಂದು ದೇಶದಲ್ಲಿಯೂ ಎಲ್ಲರಿಗೂ ಒಂದೇ ಕಾರ್ಯದ ಯೋಜನೆ, ಕಾರ್ಯವನ್ನೆಲ್ಲಾ ಹೊಂದಿಸುವ ಒಂದೇ ರಾಷ್ಟ್ರೀಯ ಅಧಿಕಾರ, ಫಲವನ್ನು ಅಳೆಯುವ ಒಂದೇ ಲೆಕ್ಕ. ಅದೇ ಏಪ್ರಿಲ್ 1ರಂದು ಭಾರತ ಸರಕಾರವು ರೋಗಸ್ಥರಿಗೆ ಧರ್ಮಾರ್ಥವಾಗಿ ಔಷಧ ಕೊಡುವದಕ್ಕೆ ಆರಂಭಿಸಿತ್ತು.

ನಮ್ಮ ರಾಜ್ಯದಲ್ಲಿ ಅದರ ಹಿಂದಿನ ವರುಷವೇ ಇಂಥಾ ಒಂದು ಏರ್ಪಾಡು ಆಗಿತ್ತು. ರಾಜ್ಯದ ಸೊಸಾಯಿಟಿಯೂ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯವೂ ಕೂಡಿ 2003ರಲ್ಲಿ ಕರ್ನಾಟಕ ಹೆಲ್ತ್ ಪ್ರಮೋಶನ್ ಟ್ರಸ್ಟನ್ನು ಸ್ಥಾಪಿಸಿದವು. ಹೊರಗಿನ ಹಣವು ಮನೆಯ ಯಜಮಾನನಿಗೆ ತಿಳಿಯದೆ ಹಿತ್ತಲ ಬಾಗಲಿನಿಂದ ಬಾರದೆ, ಅವನೂ ಕೂತಿರುವ ಪಡಸಾಲೆಯ ಮುಖಾಂತರ ಬರುವಂತಾಯಿತು. 2009ರ ಬಳಿಕ ಅವಾಹನ್ ಕಾರ್ಯವು ಸ್ವಲ್ಪಸ್ವಲ್ಪವಾಗಿ ಸರಕಾರದ ಕೈಗೆ ಒಪ್ಪಿಸಲ್ಪಟ್ಟಿತು. ಅದಕ್ಕಾಗಿ ಆ ಕಾರ್ಯದವರು ತಮ್ಮ ವೆಚ್ಚವನ್ನೂ ಪದ್ಧತಿಯನ್ನೂ ಸರಕಾರದ ಕ್ರಮಕ್ಕೆ ಹೊಂದಿಸಿಕೊಳ್ಳಬೇಕಾಯಿತು. ಹಣವನ್ನು ಕೊಡುವದಕ್ಕಿಂತ ತನ್ನ ಕ್ರಮವನ್ನು ಬಿಟ್ಟುಕೊಡುವದು ಕಠಿಣವಾದದ್ದು.

ಆದರೆ ಇಲ್ಲಿ ಒಂದು ಆಕ್ಷೇಪಣೆ ಏಳುವದು. ಎಲ್ಲರೂ ಒಂದೇ ಅಧಿಕಾರಕ್ಕೆ ಒಳಪಟ್ಟ ಮೇಲೆ, ಆ ಅಧಿಕಾರವೇ ತಪ್ಪಿದರೆ ಗತಿಯೇನು? ಈ ಭಯವು ನಿರಾಧಾರವಲ್ಲ. ಲೋಂಡಾ ದಾಟಿ ಘಟ್ಟ ಇಳಿದರೆ ಸಿಕ್ಕುವ ಗೋವೆಯಲ್ಲಿ, 1989ರಲ್ಲಿ, ರಕ್ತದಾನ ಮಾಡಿದ ಡೊಮಿನಿಕ್ ಡಿಸೋಜಾ ಎಂಬ ಯೌವನಸ್ಥನಿಗೆ ಈ ರೋಗಾಣು ಉಂಟೆಂದು ತಿಳಿದದ್ದರಿಂದ, ಅಧಿಕಾರಸ್ಥರು ಅವನನ್ನು ಹಿಡಿದು, ಕ್ಷಯರೋಗದ ಹಳೇ ದವಾಖಾನೆಯಲ್ಲಿ 64 ದಿವಸ ಒಂಟಿಯಾಗಿ ಇಟ್ಟರು. ಅಲ್ಲಿ ಕಾಯಿದೆಯೂ ಒಂದೇ, ಅಧಿಕಾರವೂ ಒಂದೇ; ನ್ಯಾಯ ಮಾತ್ರ ಇರಲಿಲ್ಲ. ಹಾಗಾದರೆ ದಾತರು ತಮ್ಮತಮ್ಮ ಮನಸ್ಸಿನಂತೆ ನಡೆಯುವದೇ ಲೇಸೋ? ಅಲ್ಲ. ಕುರುಡನಾದ ಒಬ್ಬ ಯಜಮಾನನ ಬದಲಾಗಿ ಹತ್ತು ಯಜಮಾನರನ್ನು ಇಟ್ಟರೆ ಮನೆಗೆ ಕಣ್ಣು ಬರುವದಿಲ್ಲ. ಯಾರಿಗೋಸ್ಕರ ಕಾರ್ಯ ನಡೆಯುತ್ತದೋ ಅವರಿಗೆ ಆ ಪಡಸಾಲೆಯಲ್ಲಿ ಸ್ಥಳವೂ ಬಾಯಿಯೂ ಇರಬೇಕು. 2018ನೇ ಸೆಪ್ಟೆಂಬರದಲ್ಲಿ ಜಾರಿಗೆ ಬಂದ 2017ರ ಕಾಯಿದೆಯು ಈ ರೋಗಸ್ಥರನ್ನು ಕೆಲಸದಿಂದಾಗಲಿ ಶಾಲೆಯಿಂದಾಗಲಿ ದವಾಖಾನೆಯಿಂದಾಗಲಿ ಭೇದಮಾಡಿ ತಳ್ಳಬಾರದೆಂದೂ, ಒಪ್ಪಿಗೆಯಿಲ್ಲದೆ ಪರೀಕ್ಷಿಸಬಾರದೆಂದೂ ವಿಧಿಸಿದೆ. ಒಂದು ಅಧಿಕಾರವು ಇರಲಿ. ಆದರೆ ಅದು ರೋಗಸ್ಥನಿಗೂ ಉತ್ತರ ಕೊಡತಕ್ಕದ್ದಾಗಿರಲಿ.

ದಾರಿಯಲ್ಲಿ ಗಾಯಪಟ್ಟು ಬಿದ್ದವನನ್ನು ಎತ್ತಿದ ಸಮಾರ್ಯದವನನ್ನು ನಾವು ಅವನ ಕನಿಕರಕ್ಕಾಗಿ ಹೊಗಳುತ್ತೇವೆ. ಅವನ ವಿವೇಕವನ್ನು ಅಷ್ಟಾಗಿ ನೋಡುವದಿಲ್ಲ. ಅವನು ಗಾಯಗಳನ್ನು ಕಟ್ಟಿದ ಮೇಲೆ ಊರಲ್ಲಿದ್ದ ಛತ್ರದವನ ಕೈಗೇ ರೋಗಿಯನ್ನೂ ಹಣವನ್ನೂ ಒಪ್ಪಿಸಿದನು. ಹೆಚ್ಚು ವೆಚ್ಚವಾದರೆ ತೀರಿಸುವ ಹೊಣೆಯನ್ನು ತಾನೇ ಹೊತ್ತನು. ಪಕ್ಕದಲ್ಲಿ ತನ್ನ ಹೆಸರಿನ ಇನ್ನೊಂದು ಛತ್ರವನ್ನು ಕಟ್ಟಲಿಲ್ಲ. ನಮ್ಮ ಸಭೆಗಳ ಚರಿತ್ರೆಯಲ್ಲಿಯೂ ಇದಕ್ಕೆ ಸಮೀಪವಾದ ಮಾತುಂಟು. 1820ರಲ್ಲಿ ಬೆಳಗಾವಿಯಲ್ಲಿ ಕಾರ್ಯ ಆರಂಭಿಸಿದ ಲಂಡನ್ ಮಿಶನಿನವರು 1904ರಲ್ಲಿ ಆ ಕ್ಷೇತ್ರವನ್ನು ಮೆಥೊಡಿಸ್ಟ್ ಮಿಶನಿಗೆ ಒಪ್ಪಿಸಿದರು. ತಾವು ಎಂಭತ್ತು ವರುಷಕ್ಕಿಂತ ಹೆಚ್ಚು ಕಾಲ ಉತ್ತ ಹೊಲವನ್ನು ಇನ್ನೊಬ್ಬರ ಕೈಗೆ ಕೊಡುವದು ಸಣ್ಣ ಮಾತಲ್ಲ.

ಒಪ್ಪಿಸಿಕೊಡದ ಉಪಕಾರವು ದಾತನೊಂದಿಗೇ ಎದ್ದು ಹೋಗುವದು. 2025ನೇ ಜನವರಿಯಲ್ಲಿ ಅಮೆರಿಕಾ ಸರಕಾರವು ಪರದೇಶಗಳ ಸಹಾಯವನ್ನು ತಟ್ಟನೆ ತಡೆದಾಗ, ಆಫ್ರಿಕಾ ಖಂಡದ ಎಷ್ಟೋ ಕಡೆಗಳಲ್ಲಿ ಈ ರೋಗದ ಚಿಕಿತ್ಸಾಲಯಗಳ ಕೆಲಸವು ಕೆಟ್ಟಿತು. ನಮ್ಮ ದೇಶವಾದರೋ 2021ರಿಂದ 2026ರ ವರೆಗಿನ ಕಾರ್ಯಕ್ರಮಕ್ಕೆ 15,471.94 ಕೋಟಿ ರೂಪಾಯಿಗಳನ್ನು ಸ್ವಂತ ಬೊಕ್ಕಸದಿಂದಲೇ ಗೊತ್ತುಮಾಡಿತ್ತು.

ಪ್ರಿಯರೇ, ಇದು ದೊಡ್ಡವರ ವಿಷಯ, ನಮಗೇನು ಅನ್ನಬೇಡಿರಿ. ನೆರೆಮನೆಯಲ್ಲಿ ಬೇನೆ ಬಿದ್ದಾಗ ನಾವೂ ಒಬ್ಬೊಬ್ಬರು ಒಂದೊಂದು ಕೋಲನ್ನು ಹಿಡಿದು ಹೋಗುತ್ತೇವೆ. ಒಬ್ಬನು ನಾಟಿ ಬೇರು ಕೊಡುತ್ತಾನೆ, ಒಬ್ಬನು ಬೇರೆ ವೈದ್ಯನನ್ನು ಹೇಳುತ್ತಾನೆ, ಇನ್ನೊಬ್ಬನು ಆ ಗುಟ್ಟನ್ನು ಬಾವಿಕಟ್ಟೆಗೆ ಒಯ್ಯುತ್ತಾನೆ. ಇನ್ನು ಮೇಲೆ ಬಾಗಲಲ್ಲಿ ನಿಂತು ಮೊದಲು ಕೇಳೋಣ: ನಿಮ್ಮ ತಲೆಯ ಮೇಲೆ ಈಗ ಏನೇನು ಇದೆ? ಯಾವದನ್ನು ನಾನು ಇಳಿಸಲಿ? ಆ ಉತ್ತರವನ್ನು ಕೇಳಿದ ಮೇಲೆ ನಮ್ಮ ಕೋಲು ಬೇಡವಾದರೆ ಅದನ್ನು ಹಿಂದಕ್ಕೆ ಒಯ್ಯುವದೂ ಪ್ರೀತಿಯ ಕೆಲಸವೇ.