ಹಳೆಬಟ್ಟೆ: ಮಾರಾಟವೋ ದಾನವೋ?

ಕಳೆದ ರಂಝಾನಿಗೆ ಮುಂಚೆ ನಮ್ಮ ಮನೆಯಲ್ಲಿ ಕಪಾಟು ಖಾಲಿ ಮಾಡುವ ಕೆಲಸ ನಡೆದಿತ್ತು. ಮಕ್ಕಳಿಗೆ ಗಿಡ್ಡವಾದ ಫ್ರಾಕುಗಳು, ಶರ್ಟುಗಳು, ಒಂದೆರಡು ಮದುವೆಗಷ್ಟೇ ಉಟ್ಟ ಸೀರೆಗಳು ಚಾಪೆಯ ಮೇಲೆ ರಾಶಿ ಬಿದ್ದಿದ್ದವು. "ಇಂಥವನ್ನು ಫೋನಿನಲ್ಲಿ ಫೋಟೋ ಹಾಕಿ ಮಾರುತ್ತಾರಂತೆ. ನಾವೂ ಮಾರಬಹುದೇನ್ರೀ?" ಎಂದು ಪತ್ನಿ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ತಾಯಿಯ ದನಿ ಬಂತು: "ಉಟ್ಟು ಬಿಟ್ಟ ಬಟ್ಟೆಗೆ ದುಡ್ಡು ತೆಗೆದುಕೊಳ್ಳುವುದೇ? ಯಾರಿಗಾದರೂ ಸದ್ಕಾ ಕೊಡಮ್ಮಾ."

ಮದ್ರಸದ ಉಸ್ತಾದನ ಮನೆಯಲ್ಲಿ ಇಂಥ ಪ್ರಶ್ನೆ ಎದ್ದರೆ ತೀರ್ಪು ಅವನೇ ಹೇಳಬೇಕು. ನಾನೋ, ಅಂದು ಜಾರಿಕೊಂಡೆ.

ಮಾರುವುದು ತಪ್ಪಲ್ಲ ಎಂಬುದರಲ್ಲಿ ಸಂದೇಹವಿರಲಿಲ್ಲ. ಅಬೂದಾವೂದ್‌ನಲ್ಲಿ ಅನಸ್(ರ)ರಿಂದ ವರದಿಯಾದ ಘಟನೆ ಹಲವರಿಗೆ ಗೊತ್ತಿದೆ. ಅನ್ಸಾರಿಯೊಬ್ಬರು ಪ್ರವಾದಿವರ್ಯರ(ಸ) ಬಳಿಗೆ ಬೇಡಲು ಬಂದರು. ಮನೆಯಲ್ಲಿ ಏನಿದೆ ಎಂದು ವಿಚಾರಿಸಿದಾಗ ಇದ್ದದ್ದು ಎರಡೇ ವಸ್ತು: ಅರ್ಧ ಹೊದ್ದು ಅರ್ಧ ಹಾಸಿಕೊಳ್ಳುತ್ತಿದ್ದ ಒಂದು ದಪ್ಪ ಬಟ್ಟೆ, ನೀರು ಕುಡಿಯುವ ಒಂದು ಬಟ್ಟಲು. ಅವೆರಡನ್ನೂ ತರಿಸಿ ಪ್ರವಾದಿವರ್ಯರು(ಸ) ತಾವೇ ಕೈಯಲ್ಲಿ ಹಿಡಿದು ಹರಾಜು ಹಾಕಿದರು. ಒಂದು ದಿರ್ಹಮಿನಿಂದ ಎರಡಕ್ಕೆ ಏರಿತು. ಒಂದು ದಿರ್ಹಮ್ ಮನೆಯವರ ಊಟಕ್ಕೆ, ಇನ್ನೊಂದು ಕೊಡಲಿಗೆ. ಸೌದೆ ಕಡಿದು ಮಾರಿದ ಆ ಮನುಷ್ಯ ಹದಿನೈದು ದಿನಗಳ ನಂತರ ಹತ್ತು ದಿರ್ಹಮ್ ಗಳಿಸಿ ಬಂದರು. ಬಳಸಿದ ಬಟ್ಟೆಯ ಮಾರಾಟ ಹೀನ ಕೆಲಸವಾಗಿದ್ದರೆ ಅಂದು ಆ ಹರಾಜು ನಡೆಯುತ್ತಿತ್ತೇ?

ಆದರೆ ತಾಯಿಯ ಮಾತೂ ಪೊಳ್ಳಲ್ಲವಲ್ಲ. ದಾನದ ಶ್ರೇಷ್ಠತೆಯನ್ನು ಅಲ್ಲಗಳೆಯುವವರಾರು? ಪ್ರಶ್ನೆ ಇರುವುದು ನಾವು ದಾನವೆಂದು ಕರೆಯುವುದು ಏನನ್ನು ಎಂಬುದರಲ್ಲಿ. ನಮಗೇ ಕೊಟ್ಟರೆ ಕಣ್ಣು ಮುಚ್ಚಿಕೊಳ್ಳದೆ ಸ್ವೀಕರಿಸಲಾಗದಂಥ ಕೆಟ್ಟ ವಸ್ತುವನ್ನು ಆರಿಸಿ ದಾನ ಮಾಡಬೇಡಿರೆಂದು ಅಲ್‌ಬಕರ ಅಧ್ಯಾಯದ 267ನೇ ಸೂಕ್ತ ಎಚ್ಚರಿಸುತ್ತದೆ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಗೆ ದೇಶದ ಮೂಲೆಮೂಲೆಗಳಿಂದ ಹಳೆಬಟ್ಟೆ ಲಾರಿಗಟ್ಟಲೆ ಹರಿದುಬಂತು. ಉಡಲು ಬಾರದ ಬಟ್ಟೆಗಳ ರಾಶಿ ರಸ್ತೆಬದಿಯಲ್ಲೇ ಬಿದ್ದುಕೊಂಡಿತು. ಎಲ್ಲ ಕಳೆದುಕೊಂಡ ಮೀನುಗಾರರೂ ಅವನ್ನು ಮುಟ್ಟಲಿಲ್ಲ. ದೂರದ ಮಾತೇಕೆ? 2019ರ ಆಗಸ್ಟಿನಲ್ಲಿ ಗಂಗಾವಳಿ ಉಕ್ಕಿ ನಮ್ಮ ಅಂಕೋಲಾ ತಾಲೂಕಿನ ಮನೆಗಳು ಮುಳುಗಿದಾಗ ನಾವು ಕಟ್ಟಿದ ಗಂಟಿನಲ್ಲಿ ಗುಂಡಿಯಿಲ್ಲದ ಶರ್ಟುಗಳಿದ್ದವು. ಕಟ್ಟಿದವನು ನಾನೇ.

ನೂರು ರೂಪಾಯಿ ಕೊಟ್ಟು ಫ್ರಾಕು ಕೊಳ್ಳುವ ತಾಯಿ ಅದನ್ನು ತಿರುಗಿಸಿ ನೋಡುತ್ತಾಳೆ, ಹೊಲಿಗೆ ಎಳೆದು ನೋಡುತ್ತಾಳೆ, ಎಂಬತ್ತಕ್ಕೆ ಕೇಳುತ್ತಾಳೆ, ಬೇಡವೆಂದು ಎದ್ದೂ ಹೋಗುತ್ತಾಳೆ. ಉಚಿತವಾಗಿ ಪಡೆಯುವವಳಿಗೆ ಈ ಯಾವ ಅಧಿಕಾರವೂ ಇಲ್ಲ. ಕೊಟ್ಟದ್ದನ್ನು ತಿರುಗಿಸಿ ನೋಡಿದರೆ ಕೃತಘ್ನೆ ಎನಿಸಿಕೊಳ್ಳುತ್ತಾಳೆ. ಅಗ್ಗದ, ಪ್ರಾಮಾಣಿಕ ಮಾರಾಟವು ಕೊಳ್ಳುವವಳ ಮಾನವನ್ನು ಎಷ್ಟೋ ದಾನಗಳಿಗಿಂತ ಚೆನ್ನಾಗಿ ಕಾಯುತ್ತದೆಂದು ನನಗನ್ನಿಸುತ್ತದೆ. ಆದರೆ ಪ್ರಾಮಾಣಿಕ ಎಂಬ ಆ ಒಂದು ಮಾತಿನಲ್ಲೇ ಎಲ್ಲ ಕಷ್ಟವೂ ಅಡಗಿದೆ.

ಹುಬ್ಬಳ್ಳಿಯಿಂದ ಯಲ್ಲಾಪುರದ ಮೇಲೆ ಘಟ್ಟ ಇಳಿದು ಬರುವ ರಸ್ತೆ ಕರಾವಳಿಯ ಹೆದ್ದಾರಿಯನ್ನು ಸೇರುವುದು ನಮ್ಮ ಬಾಳೆಗುಳಿಯಲ್ಲಿ. ನಾನು ಚಿಕ್ಕವನಿದ್ದಾಗ ಆ ಕ್ರಾಸಿನಲ್ಲಿ ಬಸ್ಸಿಳಿದು, ತಲೆಯ ಮೇಲೆ ಸ್ಟೀಲ್ ಪಾತ್ರೆಗಳ ಬುಟ್ಟಿ ಹೊತ್ತ ಹೆಂಗಸರು ಮನೆಮನೆಗೆ ಬರುತ್ತಿದ್ದರು. ಹಳೆಬಟ್ಟೆ ಕೊಟ್ಟರೆ ಪಾತ್ರೆ. ಒಮ್ಮೆ ಮನೆಯಲ್ಲಿ ದೊಡ್ಡವರಿರಲಿಲ್ಲ. ತಂದೆಯವರ ಕೋಟೊಂದರ ಒಳಬಟ್ಟೆ ಪೂರ್ತಿ ಹರಿದಿತ್ತು. ನಾನು ಅದನ್ನು ಒಳಕ್ಕೆ ಮಡಚಿ, ಗುಂಡಿ ಹಾಕಿ, ಎಲ್ಲಕ್ಕಿಂತ ಮೇಲಿಟ್ಟೆ. ಬಿಸಿಲಲ್ಲಿ ಬಸವಳಿದಿದ್ದ ಆ ಹೆಂಗಸು ಬಿಚ್ಚಿ ನೋಡದೆ ದೊಡ್ಡ ಡಬ್ಬಿಯನ್ನೇ ಕೊಟ್ಟಳು. ಸಂಜೆ ಎಲ್ಲರೂ ನನ್ನ ಜಾಣತನವನ್ನು ಹೊಗಳಿದರು. ಆ ಡಬ್ಬಿಯಲ್ಲಿ ಇಂದಿಗೂ ನಮ್ಮ ಮನೆಯ ಅವಲಕ್ಕಿ ಇರುತ್ತದೆ.

ಮುಂದೆ ಮದ್ರಸದಲ್ಲಿ ವ್ಯಾಪಾರದ ಅಧ್ಯಾಯ ಓದುವಾಗ ಇಮಾಮ್ ಅಬೂ ಹನೀಫಾ(ರಹ)ರ ವೃತ್ತಾಂತ ಬಂತು. ಹಿಜರಿ 150ರಲ್ಲಿ ತೀರಿಕೊಂಡ ಆ ಮಹಾವಿದ್ವಾಂಸರು ಕೂಫಾದಲ್ಲಿ ಬಟ್ಟೆ ವ್ಯಾಪಾರಿಯೂ ಆಗಿದ್ದರು. ದೋಷವಿರುವ ಬಟ್ಟೆಯೊಂದನ್ನು ದೋಷ ತಿಳಿಸಿಯೇ ಮಾರಬೇಕೆಂದು ತಮ್ಮ ಪಾಲುದಾರ ಹಫ್ಸ್‌ರಿಗೆ ಹೇಳಿ ಕಳಿಸಿದ್ದರು. ಹಫ್ಸ್ ಮರೆತು ಮಾರಿಬಿಟ್ಟರು. ಕೊಂಡವರಾರೆಂದು ತಿಳಿಯಲಿಲ್ಲ. ಇಮಾಮರು ಆ ಮಾರಾಟದ ಹಣವನ್ನು ಪೂರ್ತಿಯಾಗಿ ದಾನ ಮಾಡಿದರು. ಅಲ್ಲಿದ್ದುದು ಮರೆವು, ನನ್ನದು ಮಡಚಿಟ್ಟದ್ದು. ಅಂದು ಪಾಠದ ನಡುವೆ ನನಗೆ ಕೇಳಿಸಿದ್ದು ಡಬ್ಬಿಯ ಮುಚ್ಚಳದ ಸದ್ದು.

ಈಗಿನ ಫೋಟೋ ವ್ಯಾಪಾರದಲ್ಲಿ ಮಡಚುವ ಕಷ್ಟವೂ ಬೇಡ, ಕಲೆಯಿರುವ ಬದಿಯ ಚಿತ್ರ ತೆಗೆಯದಿದ್ದರಾಯಿತು. ಕೊಳ್ಳುವವರ ಕೈಗೆ ಬಟ್ಟೆ ಸಿಗುವುದು ಹಣ ಕೊಟ್ಟ ಮೇಲೆ. ಮುಚ್ಚಿಟ್ಟ ದೋಷ ಕಂಡುಬಂದರೆ ಸರಕು ಮರಳಿಸುವ ಹಕ್ಕನ್ನು ಫಿಕ್ಹ್ ಕೊಟ್ಟಿದೆ, ನಿಜ. ಇನ್ನೂರು ರೂಪಾಯಿಯ ಸೀರೆಗಾಗಿ ಯಾರು ಬಸ್ಸು ಹತ್ತಿ ಮರಳಿಸಲು ಬರುತ್ತಾರೆ?

ಇದನ್ನೆಲ್ಲ ಕೊನೆಗೂ ಮನೆಯಲ್ಲಿ ಹೇಳಿದೆ, ಡಬ್ಬಿಯ ಕಥೆಯನ್ನೂ ಬಿಡದೆ. ಪತ್ನಿ ಬಟ್ಟೆಗಳನ್ನು ಮತ್ತೊಮ್ಮೆ ಹರಡಿ ಕುಳಿತಳು. ತೀರಾ ಹರಿದವು ಕೌದಿಗೆಂದು ಬೇರೆಯಾದವು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಸಹೋದರಿಯರು ಇಂಥ ಚಿಂದಿಗಳಿಂದಲೇ ಎಷ್ಟು ಸುಂದರವಾದ ಕೌದಿ ಹೊಲಿಯುತ್ತಾರೆಂಬುದನ್ನು ಕಂಡವರೇ ಬಲ್ಲರು. ಉಳಿದವುಗಳಲ್ಲಿ ಸೆರಗಿಗೆ ಎಣ್ಣೆ ಕಲೆಯಾಗಿದ್ದ ಸೀರೆಯ ಚಿತ್ರವನ್ನು ಕಲೆ ಕಾಣುವಂತೆಯೇ ತೆಗೆದಳು. ಮುನ್ನೂರೈವತ್ತು ನಿರೀಕ್ಷಿಸಿದ್ದು ಇನ್ನೂರಕ್ಕೆ ಹೋಯಿತು. ಡಬ್ಬಿಯ ಇಂದಿನ ಬೆಲೆಯನ್ನು ಪಾತ್ರೆ ಅಂಗಡಿಯಲ್ಲಿ ವಿಚಾರಿಸಿ, ಅಷ್ಟನ್ನು ಆ ಅಪರಿಚಿತ ಹೆಂಗಸಿನ ಪರವಾಗಿ ಕೊಟ್ಟುಬಂದೆ.

ತಾಯಿ ಮಾರಾಟಕ್ಕೆ ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಅಂದು ರಾತ್ರಿ ತಮ್ಮ ಪೆಟ್ಟಿಗೆ ತೆರೆದು, ಎರಡೇ ಸಲ ಹೊದ್ದಿದ್ದ ಶಾಲೊಂದನ್ನು ತೆಗೆದು ಸೊಸೆಯ ಕೈಗಿಟ್ಟರು. "ಇದನ್ನು ಮಾರಬೇಡ, ಕೊಟ್ಟುಬಿಡು" ಎಂದರು.