ನೆನಪಿಗೆ ಬಾರದ ಋಣ

ಅನ್ನದ ಋಣ, ಮಣ್ಣಿನ ಋಣ, ಗುರುವಿನ ಋಣ ಎಂದು ನಾವು ಎಷ್ಟೋ ಋಣಗಳನ್ನು ಎಣಿಸುತ್ತೇವೆ. ಇವೆಲ್ಲ ನೆನಪಿರುವ ಋಣಗಳು. ಬಡಿಸಿದ ಕೈ, ತಿದ್ದಿ ಕಲಿಸಿದ ದನಿ ಯಾವುದೆಂದು ನಮಗೆ ಗೊತ್ತಿರುತ್ತದೆ. ಎದೆಹಾಲಿನ ಋಣ ಮಾತ್ರ ಯಾರ ನೆನಪಿಗೂ ಬರುವುದಿಲ್ಲ. ನೆನಪೇ ಇಲ್ಲದ ಋಣವನ್ನು ತೀರಿಸುವುದಾದರೂ ಯಾರಿಗೆ?

ಮನಸ್ಸು ಮರೆತದ್ದನ್ನು ಹಲ್ಲು ಉಳಿಸಿಕೊಂಡಿರುತ್ತದೆ. ಎದೆಹಾಲು ಕುಡಿಯುವ ಮಗು ಒಂದರ್ಥದಲ್ಲಿ ತಾಯಿಯ ಮೈಯನ್ನೇ ಉಣ್ಣುತ್ತದೆ. ಹಾಗಾಗಿ ಅದರ ಮೈಯಲ್ಲಿ ಭಾರವಾದ ನೈಟ್ರೋಜನ್ ಐಸೊಟೋಪಿನ ಅಳತೆ ತಾಯಿಯದಕ್ಕಿಂತ ಸಾವಿರಕ್ಕೆ ಎರಡು ಮೂರರಷ್ಟು ಹೆಚ್ಚಾಗುತ್ತದೆ. ಹಾಲು ಕಡಿಮೆಯಾಗಿ ಗಂಜಿ ಹೆಚ್ಚಿದಂತೆ ಇಳಿಯುತ್ತದೆ. ಮೂಳೆ ಬದುಕಿನುದ್ದಕ್ಕೂ ಹೊಸದಾಗುತ್ತಿರುತ್ತದೆ. ಆದರೆ ಹಲ್ಲಿನ ಒಳಗಿನ ಡೆಂಟಿನ್ ಒಮ್ಮೆ ಪದರಗಟ್ಟಿದರೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಹುಟ್ಟಿನ ಹೊತ್ತಿಗೇ ರೂಪುಗೊಳ್ಳತೊಡಗುವ ಮೊದಲ ದವಡೆಹಲ್ಲು ಸವೆಯದೆ ಉಳಿದಿದ್ದರೆ, ತುಂಬು ಬಾಳು ಬಾಳಿ ತೀರಿಕೊಂಡವರು ಎಳವೆಯಲ್ಲಿ ಯಾವಾಗ ಹಾಲು ಬಿಟ್ಟರೆಂದು ಅದರಲ್ಲಿ ಓದಬಹುದು.

ಈಜಿಪ್ಟಿನ ಪಶ್ಚಿಮ ಮರುಭೂಮಿಯಲ್ಲಿ ದಾಖ್ಲಾ ಎಂಬ ಓಯಸಿಸ್ ಇದೆ. ಅಲ್ಲಿದ್ದ ಕೆಲ್ಲಿಸ್ ಊರಿನ ಸ್ಮಶಾನದಲ್ಲಿ ರೋಮನ್ನರ ಕಾಲದ ಅನೇಕ ಎಳೆಯ ಮಕ್ಕಳ ಮೂಳೆಗಳು ಸಿಕ್ಕಿವೆ. ಆ ಮಕ್ಕಳಿಗೆ ಸುಮಾರು ಆರು ತಿಂಗಳಿಗೆ ಬೇರೆ ಆಹಾರ ಶುರುವಾಗಿತ್ತು; ಎದೆಹಾಲು ಪೂರ್ತಿ ನಿಂತದ್ದು ಮೂರು ವರ್ಷದ ಹೊತ್ತಿಗೆ. ಸಜ್ಜೆಯ ಮೇವು ತಿಂದ ಆಡು, ಹಸುಗಳ ಹಾಲನ್ನೂ ಆ ಮಕ್ಕಳು ಕುಡಿದಿರಬೇಕೆಂದು ಮೂಳೆಯ ಕಾರ್ಬನ್ ಸೂಚಿಸುತ್ತದೆ. ಕ್ರಿಸ್ತಶಕ 2ನೇ ಶತಮಾನದ ವೈದ್ಯ ಸೊರಾನಸ್ ಕೂಡ ಆರು ತಿಂಗಳ ನಂತರವೇ ನೆನೆಸಿದ ರೊಟ್ಟಿಯ ಚೂರು ಕೊಡಲು ಹೇಳಿದ್ದ. ನಮ್ಮ ಸುಶ್ರುತ ಸಂಹಿತೆಯಲ್ಲಿ ಹಗುರವಾದ ಅನ್ನದ ಮಾತು ಬರುವುದೂ ಆರನೆಯ ತಿಂಗಳಿಗೇ.

ಹಾಲು ಬಿಡಿಸಿದರು ಎಂದು ನಾವು ಒಂದೇ ಉಸಿರಿಗೆ ಹೇಳಿಬಿಡುತ್ತೇವೆ. ಕೆಲ್ಲಿಸ್‌ನ ಮೂಳೆಗಳ ಲೆಕ್ಕದಲ್ಲಿ ಅದು ಎರಡೂವರೆ ವರ್ಷಗಳ ಕೆಲಸ. ಶುದ್ಧ ನೀರಿಗೆ ಖಾತ್ರಿಯಿಲ್ಲದ ಕಾಲದಲ್ಲಿ ಮೇಲಿನ ಆಹಾರದ ಜೊತೆಗೇ ಭೇದಿಯೂ ಬರುತ್ತಿತ್ತು. ಆದ್ದರಿಂದ ಹಾಲೂಡಿಸುತ್ತಲೇ ಬಿಡಿಸಬೇಕಿತ್ತು. ಗಂಜಿ ಕಾಯಿಸುವವರು, ಆಡು ಕರೆಯುವವರು, ಹಟ ಮಾಡುವ ಮಗುವನ್ನು ರಾತ್ರಿ ಹೆಗಲಿಗೆ ಹಾಕಿಕೊಳ್ಳುವವರು ಒಬ್ಬೊಬ್ಬರಾಗಿ ತಾಯಿಯ ಜೊತೆಗೂಡಬೇಕಿತ್ತು. ಹಾಲು ಬಿಡುವುದೆಂದರೆ ಮಗು ಒಬ್ಬಳ ಮಡಿಲಿನಿಂದ ಹಲವರ ಕೈಗೆ ಬರುವುದು.

ಆ ಹಲವರಲ್ಲಿ ಕೂಲಿಗೆ ಹಾಲೂಡಿಸಿದವರೂ ಇದ್ದರು. ರೋಮನ್ ಈಜಿಪ್ಟಿನ ಪಪೈರಸ್ ಹಾಳೆಗಳಲ್ಲಿ ಅಂಥ ದಾದಿಯರ ಕರಾರುಪತ್ರಗಳು ಉಳಿದಿವೆ. ತಿಂಗಳ ಸಂಬಳ, ಜೊತೆಗೆ ಎಣ್ಣೆ. ಗಂಡನ ಜೊತೆ ಕೂಡಬಾರದು, ಬಸುರಾಗಬಾರದು, ಇನ್ನೊಂದು ಮಗುವಿಗೆ ಹಾಲು ಕೊಡಬಾರದು. ಒಪ್ಪಿಸಿದ ಮಗು ತೀರಿಕೊಂಡರೆ ಅದರ ಬದಲಿಗೆ ಬೇರೊಂದನ್ನು ಸಾಕಿಕೊಡಬೇಕೆಂಬ ಷರತ್ತೂ ಕೆಲವದರಲ್ಲಿದೆ. ಕೂಸು ಎಷ್ಟೋ ಸಲ ಯಾರೋ ಬಿಸಾಡಿ ಹೋದದ್ದು. ಎತ್ತಿಕೊಂಡವರು ಗುಲಾಮನನ್ನಾಗಿ ಬೆಳೆಸಲು ದಾದಿಯ ಕೈಗಿಡುತ್ತಿದ್ದರು. ಓದುತ್ತ ಹೋದಂತೆ ಕರುಳು ಹಿಂಡುತ್ತದೆ. ಇನ್ನೊಂದು ಮಗುವಿಗೆ ಕೊಡಬಾರದು ಎಂದರೆ ಅವಳದೇ ಕೂಸು ಏನು ಕುಡಿಯಿತು? ಹಣ ಎಣಿಸಿ ಕೊಟ್ಟಾದ ಮೇಲೆ ಹಾಲಿನ ಋಣ ತೀರಿತೆ?

ತೀರಿತೆಂದು ನನಗೆ ಅನ್ನಿಸುವುದಿಲ್ಲ. ಕರಾರಿನಲ್ಲಿ ಅವಳ ಸಮಯಕ್ಕೆ ಬೆಲೆಯಿದೆ, ಅವಳ ಮೈಗೆ ಕಾವಲಿದೆ. ಮಗುವಿಗೆ ಸಿಕ್ಕ ಜೀವಕ್ಕೆ ಅಲ್ಲಿ ಕಾಲಮ್ಮೇ ಇಲ್ಲ. ಹಲ್ಲು ತಾನು ಕುಡಿದದ್ದು ತಾಯಿಯ ಹಾಲೋ ದಾದಿಯ ಹಾಲೋ ಎಂದು ಹೇಳಲಾರದು. ಯಾರೋ ಒಬ್ಬ ಹೆಂಗಸು ತನ್ನ ಮೈಯಿಂದ ತೆಗೆದು ಕೊಟ್ಟಳು ಎನ್ನುವಷ್ಟನ್ನೇ ಹೇಳುತ್ತದೆ. ಈ ಋಣದ ಸ್ವಭಾವವೇ ಅಂಥದ್ದು: ಸಾಲಗಾರನಿಗೆ ನೆನಪಿಲ್ಲ, ಕೊಟ್ಟವಳ ಹೆಸರು ಹಲ್ಲಿನ ದಾಖಲೆಯಲ್ಲಿಲ್ಲ. ಕೊಟ್ಟವರಿಗೇ ಹಿಂದಿರುಗಿಸಲಾಗದ ಋಣವನ್ನು ಇವತ್ತು ಕೊಡುತ್ತಿರುವವರಿಗೆ ಸಲ್ಲಿಸುವುದೊಂದೇ ದಾರಿ.

ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಮೇಲಿನ ಆಹಾರದ ಜೊತೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2017ರಲ್ಲಿ ನಮ್ಮ ಕಾನೂನು ಹೆರಿಗೆ ರಜೆಯನ್ನು 26 ವಾರಗಳಿಗೆ ಏರಿಸಿದ್ದೂ ಹತ್ತಿರ ಹತ್ತಿರ ಆರು ತಿಂಗಳೇ. ಅದೇ ವರ್ಷ ಕರ್ನಾಟಕ ಸರ್ಕಾರ ಮಾತೃಪೂರ್ಣ ಯೋಜನೆಯಡಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಆರಂಭಿಸಿತು. ಆದರೂ ಕಳೆ ಕೀಳಲು, ಇಟ್ಟಿಗೆ ಹೊರಲು, ಇನ್ನೊಬ್ಬರ ಮನೆಯ ಮಗುವನ್ನು ನೋಡಿಕೊಳ್ಳಲು ಹೋಗುವ ಬಾಣಂತಿಗೆ ಸಂಬಳದ ರಜೆಯಿಲ್ಲ. ಅವಳ ಕೂಸು ಏನು ಕುಡಿಯಿತು ಎಂಬ ಪ್ರಶ್ನೆ ಎರಡು ಸಾವಿರ ವರ್ಷ ದಾಟಿ ಬಂದಿದೆ. ಪಪೈರಸ್ ಕಾಲದವರಿಗೆ ನಾವಿನ್ನು ಏನೂ ಮಾಡಲಾರೆವು. ಇವಳಿಗೆ ಕೂಲಿ ಕಡಿಯದ ಬಿಡುವು, ಹೊಟ್ಟೆತುಂಬ ಊಟ, ಕೂಸಿನ ಜೊತೆ ಕೂರಲು ನೆರಳು ಕೊಡಬಲ್ಲೆವು, ಕೊಡಲೇಬೇಕು.