ಬರಿಗೈಯ ಬಿಡುಗಡೆ

(ಓದತಕ್ಕ ವಾಕ್ಯಗಳು: ಯೆರೆಮೀಯ 34:8-17, ಧರ್ಮೋಪದೇಶಕಾಂಡ 15:12-15)



ಬಾಬೆಲಿನ ದಂಡು ಯೆರೂಸಲೇಮಿಗೆ ಮುತ್ತಿಗೆ ಹಾಕಿದ್ದಾಗ ಅರಸನಾದ ಚಿದ್ಕೀಯನೂ ಪ್ರಜೆಗಳೂ ದೇವರ ಮುಂದೆ ಒಡಂಬಡಿಕೆ ಮಾಡಿ, ಇಬ್ರಿಯರಾದ ತಮ್ಮ ದಾಸದಾಸಿಯರನ್ನೆಲ್ಲಾ ಬಿಟ್ಟುಬಿಟ್ಟರು. ಆದರೆ ದಂಡು ಹಿಂದೆ ಸರಿದ ಕೂಡಲೆ ಅವರ ಮನಸ್ಸು ತಿರುಗಿತು. ಬಿಟ್ಟವರನ್ನೇ ಹಿಡಿತಂದು ತಿರಿಗಿ ದಾಸತ್ವಕ್ಕೆ ಒಳಪಡಿಸಿದರು. ಕರ್ತನು ಇದನ್ನು ತನ್ನ ನಾಮಕ್ಕೆ ಮಾಡಿದ ಅಪಮಾನವೆಂದೆಣಿಸಿದನು.

ದಾಸನನ್ನು ಬಿಡುವದು ಒಂದು ದಿನದ ಕೆಲಸ. ಬಿಟ್ಟವನು ಬಿಡುಗಡೆಯಲ್ಲಿ ನೆಲೆನಿಲ್ಲುವಂತೆ ಮಾಡುವದು ಬಹು ದಿನಗಳ ಕೆಲಸ. ಈ ಎರಡನೆಯದನ್ನು ಲೋಕವು ಅನೇಕ ಸಾರಿ ಮರೆತಿದೆ.

ಅಮೇರಿಕ ದೇಶದಲ್ಲಿ 1865ರಲ್ಲಿ ಗುಲಾಮಗಿರಿಯು ರದ್ದಾಯಿತು. ಆದರೆ ಬಿಡುಗಡೆ ಹೊಂದಿದವರಲ್ಲಿ ಬಹುಮಂದಿಗೆ ಹೊಲವಿರಲಿಲ್ಲ, ಎತ್ತು ಬೀಜಗಳಿರಲಿಲ್ಲ. ಆದದರಿಂದ ಧಣಿಗಳ ಹತ್ತಿಯ ತೋಟಗಳಿಗೇ ವರುಷದ ಕರಾರಿನ ಮೇಲೆ ತಿರಿಗಿ ಹೋದರು. ಓದಲಾರದ ಕಾಗದಕ್ಕೆ ಗುರುತು ಹಾಕಿದರು. ಅದೇ ವರುಷ ಮಿಸಿಸಿಪ್ಪಿ ಸಂಸ್ಥಾನವು ಮಾಡಿದ ಕಾನೂನಿನಂತೆ, ಅವಧಿ ತುಂಬುವ ಮೊದಲು ಸಕಾರಣವಿಲ್ಲದೆ ಕೆಲಸ ಬಿಟ್ಟವನು ಆ ವರುಷ ದುಡಿದ ಕೂಲಿಯನ್ನು ಕಳಕೊಳ್ಳುತ್ತಿದ್ದನು; ಅವನನ್ನು ಹಿಡಿದು ಧಣಿಗೆ ಒಪ್ಪಿಸಬಹುದಾಗಿತ್ತು. ದಾಸತ್ವದ ಹೆಸರು ಹೋಯಿತು, ನೊಗವು ಹೋಗಲಿಲ್ಲ.

ನಮ್ಮ ದೇಶದಲ್ಲಿಯೂ ಹೀಗೆಯೇ ನಡೆಯಿತು. 1843ರ ಕಾಯಿದೆಯು, ಮನುಷ್ಯನು ಮನುಷ್ಯನ ಸೊತ್ತೆಂಬ ಹಕ್ಕನ್ನು ಕೋರ್ಟುಗಳು ಮನ್ನಿಸಬಾರದೆಂದು ವಿಧಿಸಿತು. ಆದರೆ 1859ರ ಇನ್ನೊಂದು ಕಾಯಿದೆಯಂತೆ, ಮುಂಗಡ ತಕ್ಕೊಂಡು ಕೆಲಸಕ್ಕೆ ತಪ್ಪಿದ ಕೂಲಿಕಾರನಿಗೆ ಹಣವನ್ನು ತಿರಿಗಿ ಕೊಡಬೇಕು ಇಲ್ಲವೆ ದುಡಿದು ತೀರಿಸಬೇಕು ಎಂದು ಮ್ಯಾಜಿಸ್ಟ್ರೇಟನು ಆಜ್ಞಾಪಿಸಬಹುದಾಗಿತ್ತು. ಆಜ್ಞೆಯನ್ನು ಮೀರಿದವನಿಗೆ 3 ತಿಂಗಳ ವರೆಗೆ ಸೆರೆ. ಇದನ್ನು ತೆಗೆದುಹಾಕುವದಕ್ಕೆ 1925ರ ವರೆಗೆ ಕಾಯಬೇಕಾಯಿತು. ಸರಪಳಿ ಕಟ್ಟಿದ್ದ ಗೂಟಕ್ಕೇ ಮುಂಗಡದ ಹಗ್ಗವನ್ನು ಬಿಗಿದರು.

ಜೀತವೆಂಬ ಮಾತನ್ನು ನೋಡಿರಿ. ಹಳಗನ್ನಡದಲ್ಲಿ ಅದಕ್ಕೆ ಸಂಬಳವೆಂದೇ ಅರ್ಥ. ಕಾಲಕ್ರಮದಲ್ಲಿ ಅದೇ ಮಾತು, ತಂದೆಯು ಮದುವೆಗೋ ರೋಗಕ್ಕೋ ತಂದ ಸಾಲಕ್ಕಾಗಿ ಮಗನು ದುಡಿಯುತ್ತಾ ಮುಪ್ಪಾಗುವದಕ್ಕೆ ಹೆಸರಾಯಿತು. ಕೂಲಿ ಹೋಯಿತು, ಕೂಲಿಯ ಹೆಸರು ಉಳಿಯಿತು.

1976ರ ಜೀತ ನಿರ್ಮೂಲನ ಕಾಯಿದೆಯು 1975ನೆಯ ಅಕ್ಟೋಬರ್ 25ರಿಂದಲೇ ಜಾರಿಗೆ ಬಂದು ಈ ಕಟ್ಟನ್ನು ಕಡಿಯಿತು. ಜೀತದ ಸಾಲಗಳೆಲ್ಲಾ ಅಳಿದುಹೋದವು. ಜೀತಕ್ಕೆ ಒಪ್ಪಿ ಬರೆದ ಕಾಗದಕ್ಕೆ ಬೆಲೆಯಿಲ್ಲ. ಜೀತ ಮಾಡಿಸಿದವನಿಗೆ 3 ವರುಷಗಳ ವರೆಗೆ ಸೆರೆಯೂ ದಂಡವೂ ಉಂಟು. ಇದು ಜೀತದ ಸಾಲವೆಂದು ಆಳು ಹೇಳಿದರೆ, ಅಲ್ಲವೆಂದು ತೋರಿಸಿಕೊಡುವ ಭಾರವು ಸಾಲಗಾರನ ಮೇಲಲ್ಲ, ಸಾಲ ಕೊಟ್ಟವನ ಮೇಲೆ ಇರುತ್ತದೆ. 1982ರಲ್ಲಿ ಸುಪ್ರೀಮ್ ಕೋರ್ಟು, ಗೊತ್ತುಪಡಿಸಿದ ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವದೂ ಬಲವಂತದ ದುಡಿಮೆಯೇ ಎಂದು ತೀರ್ಪಿತ್ತಿತು.

ಹೀಗಿರಲಾಗಿ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಗಳಲ್ಲಿರುವ ನಾವು ಇದನ್ನು ದೂರದ ಕಥೆಯೆಂದು ಕೇಳಬಾರದು. ಘಟಪ್ರಭಾ ಹಿರಣ್ಯಕೇಶಿಗಳ ನೀರುಂಡ ಕಬ್ಬು ಕೊಯ್ಲಿಗೆ ಬಂದಾಗ ಟೋಳಿಗಳು ಹೊಲಕ್ಕಿಳಿಯುತ್ತವೆ. ಹಂಗಾಮಿಗೆ ಮುಂಚೆಯೇ ಮುಂಗಡವು ಕೈಸೇರಿ, ಮಳೆಗಾಲದ ಹಿಟ್ಟಿಗೂ ಔಷಧಕ್ಕೂ ಕರಗಿರುತ್ತದೆ. ಮುಂಗಡವೆಲ್ಲಾ ಜೀತವೆಂದು ನಾವು ಹೇಳುವದಿಲ್ಲ. ನ್ಯಾಯವಾದ ಕೂಲಿಗೆ ಒಪ್ಪಿ ಹಣ ಹಿಡಿದವನು ಮಾತು ಉಳಿಸಿಕೊಳ್ಳಲಿ. ಕೊಟ್ಟ ಮಾತಿಗೆ ತಪ್ಪುವದು ನಮಗೆ ಯೋಗ್ಯವಲ್ಲ. ಆದರೆ ಆ ಮುಂಗಡದ ನೆವದಿಂದ ಬೇರೆ ಕೆಲಸಕ್ಕೆ ಹೋಗಗೊಡದೆ, ಊರಿಗೆ ತೆರಳಗೊಡದೆ, ಕೂಲಿಯನ್ನು ಹೆಸರಿಗೆ ಮಾತ್ರ ಕೊಟ್ಟು ಹಿಡಿದಿಟ್ಟರೆ, ಅದೇ ಜೀತ.

ದುಡಿಯುವ ಸಹೋದರರೇ, ಲಾಬಾನನು ಹತ್ತು ಸಾರಿ ಕೂಲಿಯನ್ನು ಬದಲಿಸಿದರೂ ಯಾಕೋಬನು ತನ್ನ ದುಡಿಮೆಯ ಲೆಕ್ಕವನ್ನು ಮರೆಯಲಿಲ್ಲ. ಬರೆಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿರಿ. ಬರೆದದ್ದನ್ನು ಶಾಲೆಗೆ ಹೋಗುವ ಮಗಳಿಂದ ಓದಿಸಿ ಕೇಳಿರಿ. ಕೊಟ್ಟದ್ದು ತೀರಿದ್ದು ದಿನದಿನವೂ ಬರೆದಿಡಿರಿ. ಹಿಡಿದಿಟ್ಟರೆ ತಹಸೀಲ್ದಾರನಿಗೂ ಜಿಲ್ಲಾಧಿಕಾರಿಗೂ ತಿಳಿಸಿರಿ. ಜಿಲ್ಲೆಗೂ ಉಪವಿಭಾಗಕ್ಕೂ ಜಾಗೃತಿ ಸಮಿತಿಯನ್ನು ಕಾಯಿದೆಯೇ ಗೊತ್ತುಮಾಡಿದೆ. 1976ಕ್ಕಿಂತ ಮುಂಚೆ ಇಂಥ ಬಾಗಿಲು ನಮ್ಮ ಹಿರಿಯರಿಗೆ ಇರಲಿಲ್ಲ.

ಹೊಲವುಳ್ಳ ಸಹೋದರರೇ, ನಿಮಗೆ ಇನ್ನೂ ಕಠಿನವಾದ ಮಾತನ್ನು ಹೇಳಬೇಕಾಗಿದೆ. ನಮ್ಮಲ್ಲಿ ಅನೇಕರ ಅಜ್ಜಂದಿರು ಪರರ ಕೊಟ್ಟಿಗೆಯಲ್ಲಿ ಮಲಗಿ ಪರರ ಎತ್ತು ಕಾದವರು. ಈಗ ಎರಡೆಕರೆ ಕಬ್ಬುಳ್ಳವನು ತನಗಿಂತ ಬಡವನಿಗೆ ಮುಂಗಡ ಕೊಡುವವನಾಗಿದ್ದಾನೆ. ಆ ಬಡವನ ಲೆಕ್ಕವನ್ನು ಮುಚ್ಚಿಡುವೆಯಾ? ಸತ್ತ ತಂದೆಯ ಸಾಲವನ್ನು ಮಗನ ತಲೆಗೆ ಕಟ್ಟುವೆಯಾ? ಹಾಗಾದರೆ ನೀನು ಚಿದ್ಕೀಯನ ಕಾಲದ ಧಣಿಗಳ ಸಂಗಡ ನಿಂತವನು.

ದಾಸನನ್ನು ಬಿಡುವಾಗ ಬರಿಗೈಯಲ್ಲಿ ಕಳುಹಿಸದೆ ಹಿಂಡಿನಿಂದಲೂ ಕಣದಿಂದಲೂ ಆಲೆಯಿಂದಲೂ ಧಾರಾಳವಾಗಿ ಕೊಡಬೇಕೆಂದು ಮೋಶೆಯು ವಿಧಿಸಿದನು. ಕಾರಣವೇನಂದರೆ, ಕೊಡುವವನೂ ಐಗುಪ್ತದಲ್ಲಿ ದಾಸನಾಗಿದ್ದನು. ಸರಕಾರವು ಕೂಡಾ ಇದನ್ನು ತಡವಾಗಿಯಾದರೂ ಅರಿತು, 2016ರ ಯೋಜನೆಯಲ್ಲಿ ಜೀತದಿಂದ ಬಿಡುಗಡೆಯಾದ ಗಂಡಸಿಗೆ 1 ಲಕ್ಷ, ಹೆಂಗಸಿಗೆ 2 ಲಕ್ಷ ರೂಪಾಯಿ ಗೊತ್ತುಮಾಡಿತು. ಆದದರಿಂದ ಬಿಡಿಸಲ್ಪಟ್ಟವನು ಬಿಡುಗಡೆಪತ್ರವನ್ನು ಕೇಳಿ ಪಡೆಯದೆ ಕಚೇರಿಯಿಂದ ಹೊರಡದಿರಲಿ. ಬರಿಗೈಯಲ್ಲಿ ಹೊರಟವನು ಹಸಿವೆಯ ಕೈಹಿಡಿದು ಹಳೇ ಬಾಗಿಲಿಗೇ ತಿರಿಗಿ ಬರುವನು.

ನಮ್ಮನ್ನು ಕ್ರಯಕೊಟ್ಟು ಬಿಡಿಸಿದ ಕರ್ತನು, ನಾವು ಯಾರನ್ನೂ ಕಟ್ಟದಂತೆಯೂ ಯಾರಿಂದಲೂ ಕಟ್ಟಲ್ಪಡದಂತೆಯೂ ಕಾಪಾಡಲಿ. ಆಮೆನ್.